ತೂಕಕ್ಕೆ ಕೂತವನು

ಅವಳ ಬೈಗುಳ ಯಾವತ್ತೂ ಜೋರಾಗಿ ಬಂದದ್ದಿಲ್ಲ. ಜ್ಯಾಕಿನ ಮೇಲೆ ನಿಂತ ಆ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಮುಂಚಕ್ರ ಬಿಚ್ಚಿ, ಒಳಗೆ ಟಾರ್ಚು ಹಿಡಿದು ನೋಡಿ, ಎದ್ದು ನಿಂತು ಕೈ ಒರೆಸಿಕೊಳ್ಳುತ್ತ, ಮಗು ಮಲಗಿಸುವವಳಷ್ಟು ಮೆತ್ತಗೆ ಕೇಳಿದಳು.

"ಗಾಡಿ ತಗ್ಗಾಗಿ ಕಾಣ್ಲಿ ಅಂತ ಸ್ಪ್ರಿಂಗ್‌ನೇ ಒಂದು ಸುತ್ತು ಕೊಯ್ದಿದ್ದೀರಲ್ಲ, ಪ್ಯಾಂಟು ಉದ್ದ ಆದ್ರೆ ಕಾಲು ಕತ್ತರಿಸ್ಕೋತೀರಾ?"

ಎದುರಿಗಿದ್ದವನು ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾರಿನ ಕೀಲಿ. ಅವಳು ಇನ್ನೂ ನಾಲ್ಕು ಮಾತು ಅಂದಳು: ಇಂಥ ಸ್ಪ್ರಿಂಗಿನ ಮೇಲೆ ತಿರುವಿನಲ್ಲಿ ವೇಗವಾಗಿ ಹೋದರೆ ಕಾರು ಕುಂಟ ಕುದುರೆ ಆಗುತ್ತದೆ, ಶಾಕ್ ಅಬ್ಸಾರ್ಬರ್ ಯಾವತ್ತೋ ಸತ್ತಿದೆ, ಇಂಜಿನ್ ಎಣ್ಣೆ ಕುಡಿಯುತ್ತಿದೆ, ಇದನ್ನು ಓಡಿಸಿಕೊಂಡು ಬಂದವರಿಗೆ ದೊಡ್ಡ ನಮಸ್ಕಾರ. ಅವನು ಎಲ್ಲವನ್ನೂ ಕೇಳಿ ಕೊನೆಗೆ ಇಷ್ಟೇ ಕೇಳಿದ.

"ಸರಿ ಮಾಡೋಕಾಗುತ್ತಾ?"

ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಅಪ್ಪ ಕಿಸಕ್ಕನೆ ನಕ್ಕರು. ಗ್ಯಾರೇಜು ಕಟ್ಟಿದವರು ಅವರು; ಕೈ ನಡುಗತೊಡಗಿದ ಮೇಲೆ ಮಗಳಿಗೆ ಸ್ಪ್ಯಾನರ್ ಕೊಟ್ಟು ಸ್ಟೂಲು ಹಿಡಿದಿದ್ದರು. ಕಿವಿಯಂತೂ ಅದಕ್ಕೂ ಮೊದಲೇ ಹೋಗಿತ್ತು. ಕಿವಿಯ ಯಂತ್ರ ಹೆಚ್ಚು ಹೊತ್ತು ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಬೇಕಾದ ಮಾತು ಬಂದಾಗ ಮಾತ್ರ ಕಿವಿಗೆ ಏರುತ್ತಿತ್ತು. ಮಗಳ ಬೈಗುಳ ಅವರಿಗೆ ಬೇಕಾದ ಮಾತು.

ಆ ಬೀದಿಯವರು ಅವಳನ್ನು ಟಾರ್ಕಮ್ಮ ಎನ್ನುತ್ತಿದ್ದರು. ಪ್ರತಿ ನಟ್ಟಿಗೂ ಇಷ್ಟೇ ಬಿಗಿ ಎಂದು ಅಳತೆ ಇರುತ್ತದೆ. ಅದನ್ನು ತೋರಿಸುವ ಟಾರ್ಕ್ ರೆಂಚು ಹಿಡಿಯದೆ ಅವಳು ಯಾವ ನಟ್ಟನ್ನೂ ಮುಗಿಯಿತು ಎಂದವಳಲ್ಲ. ರೆಂಚು ಕಟಕ್ಕೆಂದ ಮೇಲೆ ಆ ನಟ್ಟಿನ ನೆತ್ತಿಗೆ ಒಂದು ಹಳದಿ ಬಣ್ಣದ ಬೊಟ್ಟು. ಬೊಟ್ಟಿಲ್ಲದ ನಟ್ಟು ಗ್ಯಾರೇಜಿನ ಹೊಸ್ತಿಲು ದಾಟುವ ಹಾಗಿಲ್ಲ. ಮದುವೆಯ ಮಾತು ಎತ್ತಿದವರಿಗೆ ಅಪ್ಪನೇ ಹೇಳುತ್ತಿದ್ದರು, ನಮ್ಮವಳು ಬೊಟ್ಟು ಇಡೋದು ಕಬ್ಬಿಣಕ್ಕೆ ಮಾತ್ರ ಅಂತ.

ಕಾರು ಬಿಟ್ಟು ಅವನು ಹೋದ ಮೇಲೆ ಅಪ್ಪ ವಿಷಯ ಬಿಚ್ಚಿದರು. ಈ ಮನುಷ್ಯ ಮುಖ್ಯರಸ್ತೆಯ ಕಿವಿ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ ಮಾಡುವವನು. ತಮ್ಮ ಯಂತ್ರ ಅಳತೆ ಮಾಡಿ ಕೊಟ್ಟವನೂ ಅವನೇ. ಕಾರು ಅವನ ಸೋದರಮಾವನದು. ಸಾಕಿ ಬೆಳೆಸಿದ ಮಾವ, ಕೊನೆಗಾಲದಲ್ಲಿ ಅವರನ್ನು ನೋಡಿಕೊಂಡದ್ದು ಇವನು. ಅಣೆಕಟ್ಟಿಗೆ ಹತ್ತುವ ರಸ್ತೆಯಲ್ಲಿ ಹಳೆ ಕಾರಿನವರ ಕ್ಲಬ್ಬು ವರ್ಷಕ್ಕೊಮ್ಮೆ ಓಟ ನಡೆಸುತ್ತದಲ್ಲ, ಅದರಲ್ಲಿ ಮಾವ ಯಾವ ವರ್ಷವೂ ಕೊನೆಯ ಸ್ಥಾನ ಬಿಟ್ಟುಕೊಟ್ಟವರಲ್ಲ. ಸ್ಪ್ರಿಂಗು ಕೊಯ್ದದ್ದೂ ಅವರೇ.

ಮರುದಿನ ಸಂಜೆ ಅವನು ಬಂದಾಗ ಅವಳು ಇಂಜಿನ್ನನ್ನು ಸರಪಳಿಗೆ ನೇತುಹಾಕುತ್ತಿದ್ದಳು.

"ಮಾವ ಮಾಡಿದ್ದು ಅಂತ ಬಾಯ್ಬಿಟ್ಟು ಹೇಳ್ಬಾರದಿತ್ತಾ?"

ಅವನು ಕಾರನ್ನು ಸುತ್ತಿ ಅವಳ ಬಲಗಡೆಗೆ ಬಂದು ನಿಂತ. "ಅವರು ಬಂದು ಬೈಸ್ಕೊಳ್ಳೋಕಾಗಲ್ವಲ್ಲ. ನಾನಿದ್ದೆ, ಬೈಸ್ಕೊಂಡೆ."

ನಗು ಬಂದದ್ದು ಕಾಣಬಾರದೆಂದು ಅವಳು ಸರಪಳಿಯ ಕಡೆ ತಿರುಗಿದಳು. ಆದರೆ ನೇತಾಡುವ ಇಂಜಿನ್ನಿನ ಆಚೆಯಿಂದ ಅವನಿಗೆ ಅವಳ ಕೆನ್ನೆ ಕಾಣುತ್ತಿತ್ತು, ಕೆನ್ನೆ ಗುಟ್ಟು ಕಾಯುವ ಜಾತಿಯದಲ್ಲ.

ಅಲ್ಲಿಂದ ಅವನ ಸಂಜೆಗಳು ಗ್ಯಾರೇಜಿನ ಪಾಲಾದವು. ಆಸ್ಪತ್ರೆ ಮುಗಿಸಿ ಬಂದು, ತೋಳು ಮಡಚಿ, ಅವಳು ಬಿಚ್ಚಿಟ್ಟದ್ದನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಅವಳು ಸಿಲಿಂಡರನ್ನು ಕೊರೆಸಿ ಅಗಲ ಮಾಡಿಸಿ ದೊಡ್ಡ ಪಿಸ್ಟನ್ನು ತಂದಳು. ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡನ್ನು ಕೂದಲೆಳೆಯಷ್ಟು ತೇಯಿಸಿದಳು. ವಾಲ್ವುಗಳನ್ನು ಇನ್ನಷ್ಟು ಎತ್ತಿ ಇನ್ನಷ್ಟು ಹೊತ್ತು ತೆರೆದಿಡುವ ಹೊಸ ಕ್ಯಾಮ್‌ಶಾಫ್ಟು ಕೂರಿಸಿದಳು. ಇಂಜಿನ್ನು ಹೆಚ್ಚು ಗಾಳಿ ಕುಡಿದಷ್ಟೂ ಹೆಚ್ಚು ಓಡುತ್ತೆ, ಮನುಷ್ಯನ ಹಾಗೇ, ಉಸಿರು ಕಟ್ಟಿದರೆ ಯಾರಿಂದಲೂ ಏನೂ ಆಗಲ್ಲ ಅಂದಳು. ಅವನು ಪಿಸ್ಟನ್ನು ಒರೆಸುತ್ತಿದ್ದವನು ಕೈ ನಿಲ್ಲಿಸಿ ಅವಳನ್ನು ನೋಡಿದ. ನೋಡಿದ್ದು ಸ್ವಲ್ಪ ಜಾಸ್ತಿಯೇ ಆಯಿತು.

"ಅದನ್ನ ಒರೆಸಿ ಒರೆಸಿ ಸವೆಸ್ತೀರಾ?" ಎಂದಳು.

ಇಂಜಿನ್ನು ಮೊದಲ ಸಲ ಹೊತ್ತಿಕೊಂಡ ಸಂಜೆ ಅಪ್ಪ ಸ್ಟೂಲು ಬಿಟ್ಟು ಎದ್ದು ಬಂದರು. ಅವಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೈಗೂ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೂ ಒತ್ತಿ, ಕಣ್ಣು ಮುಚ್ಚಿ ಆಲಿಸಿದಳು. ವೈದ್ಯರು ಎದೆಯ ಮೇಲೆ ಸ್ಟೆತಸ್ಕೋಪು ಇಡುವ ಹಾಗೆ. ಒಂದೊಂದು ವಾಲ್ವು, ಒಂದೊಂದು ಬೇರಿಂಗು. ಅಪ್ಪ ಕಲಿಸಿದ ವಿದ್ಯೆ. ಎಲ್ಲ ಹೊಲಿಗೆ ಯಂತ್ರದಷ್ಟು ಹದವಾಗಿತ್ತು.

ಅವನು ತನಗೂ ಕೇಳಿಸಬೇಕೆಂದ. ಅವಳು ಸ್ಕ್ರೂಡ್ರೈವರಿನ ಹಿಡಿಯನ್ನು ಅವನ ಕಿವಿಯ ಹಿಂದೆ ಇಟ್ಟು, ಜಾರದಂತೆ ಬೆರಳು ಒತ್ತಿ ಹಿಡಿದಳು. ಅವನ ಕುತ್ತಿಗೆಯ ಮೇಲೆ ಅವಳ ಬೆರಳಿನ ಗ್ರೀಸು ಒಂದು ಗೆರೆ ಎಳೆಯಿತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.

"ಸದ್ದಿಗೆ ಎರಡು ದಾರಿ," ಎಂದ. "ಗಾಳಿ ದಾರಿ, ಎಲುಬಿನ ದಾರಿ. ಕೆಲವರಿಗೆ ಗಾಳಿ ದಾರಿ ಮೆಲ್ಲಗೆ ಮುಚ್ಚಿಕೊಳ್ಳುತ್ತೆ. ಎಲುಬಿನ ದಾರಿ ಮಾತ್ರ ಚೆನ್ನಾಗಿರುತ್ತೆ. ಅಪ್ಪನಿಂದ ಮಕ್ಕಳಿಗೆ ಬರೋದೂ ಉಂಟು."

ಅವಳು ಕೈ ತೆಗೆದು ಇಂಜಿನ್ನು ಆರಿಸಿದಳು. ಬಿಸಿ ಆಯ್ತು, ಇವತ್ತಿಗೆ ಸಾಕು ಎಂದಳು.

ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಏಕೆಂದರೆ ಅವಳಿಗೆ ಗೊತ್ತಿತ್ತು. ಎಡಗಿವಿ ಮೊದಲು, ಈಗೀಗ ಬಲಗಿವಿಯೂ ಸ್ವಲ್ಪ. ಗ್ರೈಂಡರು ಕಿರುಚುತ್ತಿರುವಾಗ ಎಲ್ಲರೂ ಗಂಟಲೆತ್ತಿ ಮಾತಾಡುತ್ತಾರೆ, ಆಗ ಅವಳಿಗೇನೂ ತೊಂದರೆಯಿಲ್ಲ. ತೊಂದರೆ ಇದ್ದದ್ದು ನಿಶ್ಶಬ್ದದಲ್ಲಿ. ಮನೆಯ ಅಡುಗೆಕೋಣೆಯಲ್ಲಿ, ಬ್ಯಾಂಕಿನ ಕಿಟಕಿಯಲ್ಲಿ ಮೆತ್ತಗೆ ಆಡಿದ ಮಾತುಗಳು ಅವಳ ಹತ್ತಿರಕ್ಕೆ ಬಂದು ಹಿಂತಿರುಗಿ ಹೋಗುತ್ತಿದ್ದವು. ಇಂಜಿನ್ನುಗಳ ವಿಷಯದಲ್ಲಿ ಸ್ಕ್ರೂಡ್ರೈವರು ಅವಳನ್ನು ಕಾಪಾಡುತ್ತಿತ್ತು. ಕಿವಿ ಹೋದ ಮೆಕ್ಯಾನಿಕ್ಕಿಗೆ ಗಾಡಿ ಯಾರು ಕೊಡುತ್ತಾರೆ? ಅಪ್ಪನ ಸ್ಟೂಲಿನ ಪಕ್ಕ ಇನ್ನೊಂದು ಸ್ಟೂಲು ಹಾಕಿ ಕೂರಬೇಕಷ್ಟೆ. ಅದಕ್ಕೇ ಆ ಗುಟ್ಟನ್ನು ಅಪ್ಪನಿಗೂ ಹೇಳಿರಲಿಲ್ಲ.

ಸಸ್ಪೆನ್ಷನ್ನಿನ ಕೆಲಸಕ್ಕೆ ಅವಳು ಹೆಚ್ಚು ಆಸೆಪಟ್ಟಿದ್ದಳು. ಹೊಸ ಸ್ಪ್ರಿಂಗು, ಬಿಗಿ ಸಡಿಲ ಮಾಡಬಹುದಾದ ಶಾಕ್ ಅಬ್ಸಾರ್ಬರುಗಳು, ಹಳೆಯ ರಬ್ಬರಿನ ಜಾಗಕ್ಕೆ ಗಟ್ಟಿ ಬುಷ್‌ಗಳು, ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ವಾಲದಂತೆ ಹಿಡಿಯುವ ದಪ್ಪ ಸರಳು. ಈ ಕೆಲಸದಲ್ಲಿ ಅವಳದೊಂದು ನೇಮ. ಆ ಸರಳಿನ ನಟ್ಟುಗಳನ್ನು ಕಾರು ಜ್ಯಾಕಿನ ಮೇಲೆ ತೂಗಾಡುವಾಗ ಬಿಗಿ ಮಾಡುವಂತಿಲ್ಲ. ಚಕ್ರ ನೆಲಕ್ಕೂರಿ, ಓಡಿಸುವವರ ಭಾರ ಸೀಟಿನ ಮೇಲೆ ಕೂತು, ಎಲ್ಲ ತನ್ನ ತನ್ನ ಜಾಗಕ್ಕೆ ಇಳಿದ ಮೇಲೆಯೇ ಕೊನೆಯ ಬಿಗಿ. ಬೇರೆಯವರು ಮರಳಿನ ಮೂಟೆ ಇಡುತ್ತಾರೆ. ಅವಳು ಅವನನ್ನೇ ಕೂರಿಸಿದಳು.

ಕೆಲಸದ ಗುಂಡಿಯ ಮೇಲೆ ಕಾರು, ಗುಂಡಿಯೊಳಗೆ ಅವಳು, ಮೇಲೆ ಸ್ಟಿಯರಿಂಗು ಹಿಡಿದು ಅವನು. ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಅಪ್ಪ ಚಹಾ ತರುತ್ತೇನೆಂದು ಹೋದವರು ಬೇಕೆಂದೇ ತಡ ಮಾಡುತ್ತಿದ್ದರು. ಅವನು ತೆರೆದ ಬಾಗಿಲಿನಿಂದ ತಲೆ ಕೆಳಗೆ ಬಗ್ಗಿಸಿ ಅವಳ ಜೊತೆ ಮಾತಾಡುತ್ತಿದ್ದ.

"ಅಲ್ಲಾಡ್ಬೇಡಿ. ನೀವೀಗ ಮನುಷ್ಯ ಅಲ್ಲ, ತೂಕ," ಎಂದಳು.

"ಎಷ್ಟು ಹೊತ್ತು ತೂಕ ಆಗಿರ್ಬೇಕು?"

"ನಾನು ಹೇಳೋವರೆಗೂ."

"ಹೇಳದೇ ಇದ್ರೆ?"

ಅವಳು ತಲೆಯೆತ್ತಿದಳು. ತಲೆಕೆಳಗಾದ ಅವನ ಮುಖ ಕೆಂಪಾಗಿತ್ತು. ಬಗ್ಗಿದ್ದಕ್ಕೆ ನೆತ್ತರು ಇಳಿದು ಕೆಂಪಾದದ್ದೋ ಬೇರೆಯದಕ್ಕೋ ಹೇಳುವಂತಿರಲಿಲ್ಲ. ಆದರೆ ಕಣ್ಣು ತಮಾಷೆ ಮಾಡುತ್ತಿರಲಿಲ್ಲ.

"ಹೇಳದೇ ಇದ್ರೆ ಇಲ್ಲೇ ಇರಿ," ಎಂದುಬಿಟ್ಟಳು. ಅಂದ ಮೇಲೆ ತನ್ನ ಬಾಯಿಂದಲೇ ಬಂದಿತೇ ಎಂದು ಗಾಬರಿಯಾಗಿ ಗುಂಡಿಯ ಆ ತುದಿಗೆ ಸರಿದು, ಅಲ್ಲಿಯ ನಟ್ಟಿಗೆ ರೆಂಚು ಹಾಕಿದಳು. ಅಷ್ಟರಲ್ಲಿ ಅಪ್ಪನ ಕೆಮ್ಮು, ಚಹಾದ ಲೋಟಗಳ ಸದ್ದು. ಅವಳು ಮೇಲೆ ಬಂದಳು. ಆ ಸಂಜೆ ಚಹಾಕ್ಕೆ ಸಕ್ಕರೆ ಇತ್ತೋ ಇಲ್ಲವೋ ಅವಳಿಗೆ ನೆನಪಿಲ್ಲ.

ಓಟಕ್ಕೆ ಮೊದಲಿನ ವಾರ ಕಾರನ್ನು ಪರೀಕ್ಷೆಗೆ ಹೊರಗೆ ತೆಗೆದರು. ಅವಳು ಓಡಿಸುತ್ತಿದ್ದಳು, ಅವನು ಎಡಗಡೆಯ ಸೀಟಿನಲ್ಲಿ. ಕಾರ್ಖಾನೆಗಳ ಹಿಂದಿನ ಖಾಲಿ ರಸ್ತೆ, ಅಲ್ಲಲ್ಲಿ ಒಡೆದ ಟಾರು. ಇಂಜಿನ್ನು ಮೊದಲು ಗೊಣಗಿ ಆಮೇಲೆ ಹಾಡತೊಡಗಿತು. ತಿರುವಿನಲ್ಲಿ ಕಾರು ಹೊಟ್ಟೆ ನೆಲಕ್ಕೆ ಒತ್ತಿದ ಬೆಕ್ಕಿನ ಹಾಗೆ ಹಿಡಿದು ತಿರುಗಿತು. ಅವಳ ಕೂದಲು ಬಿಚ್ಚಿಕೊಂಡಿತ್ತು. ಅವನು ರಸ್ತೆ ನೋಡುವುದನ್ನು ಬಿಟ್ಟು ಅವಳನ್ನು ನೋಡುತ್ತಿದ್ದ.

ಒಡೆದ ಟಾರಿನ ಮೇಲೆ ನಿಧಾನಕ್ಕೆ ಹಾಯುವಾಗ ಅವನ ಮುಖ ಬದಲಾಯಿತು. ಇನ್ನೊಂದು ಸಲ ಆ ಜಾಗದ ಮೇಲೆ ಹೋಗೋಣ ಎಂದು ಕೈಸನ್ನೆ ಮಾಡಿದ. ಹೋದರು. ಮತ್ತೊಮ್ಮೆ ಹೋದರು. ಏನಾದರೂ ಕೇಳಿಸಿತೇ ಎಂದು ಅವಳ ಕಡೆ ಪೂರ್ತಿ ತಿರುಗಿ ಕೇಳಿದ.

"ಇಲ್ಲ. ಬೆಣ್ಣೆ ಹಾಗಿದೆ."

ಅವನು ಬದಿಗೆ ನಿಲ್ಲಿಸಿ ಎಂದ. ಇಂಜಿನ್ನು ಆರಿತು. ಅವನು ಇಳಿದು ಕಾರಿನ ಮುಂದಿನಿಂದ ಸುತ್ತಿ ಬಂದು ಅವಳ ಬಲಗಡೆಯ ಬಾಗಿಲ ಹತ್ತಿರ ನಿಂತ. ಯಾವಾಗಲೂ ಹಾಗೇ ಬರುತ್ತಿದ್ದ ಎಂಬುದು ಅವಳಿಗೆ ಆ ಕ್ಷಣ ಹೊಳೆಯಿತು. ಇಂಜಿನ್ ನೇತಾಡುವಾಗ, ಚಹಾ ಕುಡಿಯುವಾಗ, ಕೈ ತೊಳೆಯುವ ನಲ್ಲಿಯ ಹತ್ತಿರ, ಎಲ್ಲೇ ಇದ್ದರೂ ಸುತ್ತಿ ಬಲಕ್ಕೆ ಬಂದು ಮಾತಾಡುತ್ತಿದ್ದ. ಅವಳು ಅದನ್ನು ಬೇರೆ ಏನೋ ಎಂದುಕೊಂಡಿದ್ದಳು. ಆ ಕಡೆಯಿಂದ ತನ್ನ ಮುಖ ಚೆನ್ನಾಗಿ ಕಾಣುತ್ತದೇನೋ ಎಂದು ಒಂದು ದಿನ ಕನ್ನಡಿಯಲ್ಲೂ ನೋಡಿಕೊಂಡಿದ್ದಳು.

"ಮುಂದೆ ಎಡಗಡೆ ಚಕ್ರದ ಹತ್ತಿರ ಟಕ್ ಅಂತಿದೆ," ಎಂದ. "ಪ್ರತಿ ಗುಂಡಿಗೂ. ನಿಮಗೆ ಕೇಳಿಸ್ತಿಲ್ಲ."

"ಯಾವತ್ತಿಂದ ಗೊತ್ತು?"

"ಸ್ಪ್ರಿಂಗ್‌ಗೆ ಬೈದ್ರಲ್ಲ, ಅವತ್ತಿಂದ. ಅಷ್ಟು ಕೋಪದಲ್ಲಿ ಅಷ್ಟು ಮೆತ್ತಗೆ ಯಾರೂ ಬೈಯಲ್ಲ. ಗಾಳಿ ದಾರಿ ಮುಚ್ಚಿದೋರಿಗೆ ತಮ್ಮ ದನಿ ತಮಗೇ ಜೋರಾಗಿ ಕೇಳುತ್ತೆ. ಅದಕ್ಕೆ ತಗ್ಗಿಸಿ ಮಾತಾಡ್ತಾರೆ."

ಎಲ್ಲರೂ ವಿನಯ ಎಂದುಕೊಂಡದ್ದನ್ನು ಇವನು ರೋಗ ಎಂದು ಓದಿದ್ದ. ಇಷ್ಟು ಸಂಜೆಗಳ ಆ ನೋಟಗಳೆಲ್ಲ ಹಾಗಾದರೆ ಆಸ್ಪತ್ರೆಯ ನೋಟಗಳು. ಅವಳ ಕಣ್ಣು ಉರಿಯಿತು.

"ನಾನು ನಿಮ್ಮ ಗಾಡಿ ಪರೀಕ್ಷೆ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ. ನೀವು ಇಲ್ಲಿ ಕೂತು ನನ್ನ ಪರೀಕ್ಷೆ ಮಾಡ್ತಿದ್ರಾ?"

ಅವನು ಹಾಗಲ್ಲ ಎಂದು ಏನೋ ಹೇಳಲು ಹೋದ. ಅವಳು ಇಂಜಿನ್ನು ಎಬ್ಬಿಸಿದಳು. ಕಾರು ಓಟಕ್ಕೆ ಮೊದಲು ತಲುಪುತ್ತದೆ, ತಾವು ಮಾತ್ರ ದಯವಿಟ್ಟು ಗ್ಯಾರೇಜಿಗೆ ಬರುವುದು ಬೇಡ ಎಂದು, ಬೈಯುವಾಗಿನ ಆ ದನಿಗಿಂತಲೂ ಮೆತ್ತಗೆ ಹೇಳಿ ಹೊರಟುಬಿಟ್ಟಳು. ಅವನು ಆ ಖಾಲಿ ರಸ್ತೆಯಲ್ಲಿ ಉಳಿದ, ತೂಕ ಮುಗಿದ ಮೇಲೆ ಇಳಿಸಿ ಹೋದ ಮೂಟೆಯ ಹಾಗೆ.

ಗ್ಯಾರೇಜಿಗೆ ಮರಳಿ, ಕಾರನ್ನು ಕೆಲಸದ ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು ಟಾರ್ಚು ಹಿಡಿದಳು. ಸಾಲಾಗಿ ಹಳದಿ ಬೊಟ್ಟುಗಳು. ಮುಂದಿನ ಎಡ ಚಕ್ರದ ಹತ್ತಿರ, ಸರಳಿನ ಕೊನೆಯ ನಟ್ಟು, ಬೊಟ್ಟಿಲ್ಲದೆ, ಬೋಳು ನೆತ್ತಿಯಲ್ಲಿ ಅವಳನ್ನೇ ನೋಡುತ್ತಿತ್ತು. ಬೆರಳಲ್ಲಿ ತಿರುಗಿಸಿದರೆ ತಿರುಗಿತು. ಅವನು ಹೇಳದೇ ಇದ್ರೆ ಎಂದು ಕೇಳಿದ ಗಳಿಗೆಯಲ್ಲಿ ಅವಳ ಕೈಯಲ್ಲಿದ್ದದ್ದು ಅದೇ ನಟ್ಟು. ಅದನ್ನು ಬಿಟ್ಟು ಆ ತುದಿಗೆ ಓಡಿದ್ದಳು. ಹೀಗೇ ಅಣೆಕಟ್ಟಿನ ರಸ್ತೆಗೆ ಹೋಗಿದ್ದರೆ, ಮೇಲಿನ ಕಡಿದಾದ ತಿರುವಿನಲ್ಲಿ ಸರಳು ಕಳಚಿಕೊಂಡಿದ್ದರೆ... ಅವಳು ಟಾರ್ಚು ಆರಿಸಿ ಗುಂಡಿಯ ಮೆಟ್ಟಿಲ ಮೇಲೆ ಕೂತಳು. ನಟ್ಟು ಮರೆತದ್ದಕ್ಕೆ ಕಿವಿ ಕಾರಣವಲ್ಲ. ಮರೆತದ್ದು ತನಗೆ ತಿಳಿಯದೇ ಹೋದದ್ದಕ್ಕೆ ಮಾತ್ರ ಕಿವಿಯೇ ಕಾರಣ. ಅವನು ಬಾಯಿಬಿಡದೆ ಅವಳ ಮಾನ ಉಳಿಸಬಹುದಿತ್ತು. ಬಾಯಿಬಿಟ್ಟು ಅವಳ ಮಾನಕ್ಕಿಂತ ಹೆಚ್ಚಿನದನ್ನು ಉಳಿಸಿದ್ದ.

ಅಪ್ಪ ಗುಂಡಿಯ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತರು. ಜೇಬಿನಿಂದ ಯಂತ್ರ ತೆಗೆದು ಕಿವಿಗೆ ಸಿಕ್ಕಿಸಿಕೊಂಡರು.

"ಕಿವಿ ಸಾರ್ ಯಾಕೆ ಬರ್ಲಿಲ್ಲ?"

ಅವಳು ಆರಿದ ಟಾರ್ಚನ್ನು ಕೈಯಲ್ಲಿ ಉರುಳಿಸುತ್ತ ಕೂತಳು. ಅವರು ಆ ಮೌನವನ್ನು ಚೆನ್ನಾಗಿಯೇ ಕೇಳಿಸಿಕೊಂಡರು.

"ನಿನಗೂ ಶುರುವಾಗಿದೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ ಮಗಾ? ನಾನು ಹಾಕಿದ ವೇಷವನ್ನೇ ನೀನು ಹಾಕ್ತಿದ್ದೀಯ. ಅರ್ಥ ಆಗದಿದ್ರೂ ಹೂಂ ಅನ್ನೋದು, ನಕ್ಕೋರ ಜೊತೆ ನಗೋದು." ಅವರು ಸ್ವಲ್ಪ ಹೊತ್ತು ಕಾಲಾಡಿಸಿದರು. "ನಿಮ್ಮಮ್ಮ ಆಸ್ಪತ್ರೇಲಿ ಕೊನೆ ದಿನ ನನ್ನ ಕೈ ಹಿಡ್ಕೊಂಡು ಏನೋ ಕೇಳಿದ್ಲು. ಮೆತ್ತಗೆ. ನನಗೆ ಕೇಳಿಸ್ಲಿಲ್ಲ. ಕೇಳಿಸ್ಲಿಲ್ಲ ಅನ್ನೋಕೆ ನಾಚಿಕೆ, ಹೂಂ ಅಂದೆ. ಅವಳು ಸಮಾಧಾನವಾಗಿ ಕಣ್ಮುಚ್ಚಿದ್ಲು. ಯಾವುದಕ್ಕೆ ಹೂಂ ಅಂದೆ ಅಂತ ಇವತ್ತಿಗೂ ಗೊತ್ತಿಲ್ಲ ನನಗೆ."

ಅವಳು ಮೆಟ್ಟಿಲು ಹತ್ತಿ ಬಂದು ಅಪ್ಪನ ಮಂಡಿಯ ಮೇಲೆ ತಲೆಯಿಟ್ಟಳು. ಗ್ರೀಸು ಹತ್ತೀತು ಎಂದು ಹೆದರದೆ ಅವರು ಅವಳ ಕೂದಲಿನಲ್ಲಿ ಬೆರಳಾಡಿಸಿದರು. ಆಮೇಲೆ ಅವರೇ ಚಾಲಕನ ಸೀಟಿನಲ್ಲಿ ತೂಕವಾಗಿ ಕೂತರು. ಅವಳು ನಟ್ಟು ಬಿಗಿ ಮಾಡಿದಳು. ರೆಂಚಿನ ಕಟಕ್ ಕೈಗೆ ತಿಳಿಯಿತು. ಹಳದಿ ಬೊಟ್ಟು ಇಟ್ಟು, ಉಳಿದ ಎಲ್ಲ ನಟ್ಟುಗಳನ್ನೂ ಮೊದಲಿನಿಂದ ಮತ್ತೆ ನೋಡಿದಳು.

ಕಿವಿ ಆಸ್ಪತ್ರೆಗೆ ಅವಳು ಬೆಳಿಗ್ಗೆ ಹೋದಳು. ಉಗುರಿನ ಸಂದಿಯ ಕರಿ ಹೋಗುವಷ್ಟು ಕೈ ಉಜ್ಜಿ, ಒಗೆದ ಬಟ್ಟೆ ಹಾಕಿಕೊಂಡು. ಕಾರಿಡಾರಿನ ಬೆಂಚಿನ ಮೇಲೆ ಮುದುಕರು, ತಾಯಂದಿರು, ಕೂಸುಗಳು. ಕಾರು ತಲುಪಿಸಲು ಬಂದೆ ಎಂದು ಹೇಳಿ ಕೀಲಿ ಕೊಟ್ಟು ಹೊರಟುಬಿಡಬಹುದು ಎಂದು ಬಾಗಿಲಿನವರೆಗೂ ಯೋಚಿಸಿದಳು.

ಅವನ ಕೋಣೆ ಚಿಕ್ಕದು. ಗೋಡೆಗೆಲ್ಲ ಮೆತ್ತೆ ಹೊದಿಸಿ ಸದ್ದು ಕಟ್ಟಿಹಾಕಿದ್ದರು. ಗಾಜಿನಾಚೆ ಒಂದು ಕುರ್ಚಿ, ಕುರ್ಚಿಯ ಮೇಲೆ ಹೆಡ್‌ಫೋನು. ಅವನು ಎದ್ದು ನಿಂತ. ಕಣ್ಣಿನ ಕೆಳಗೆ ಕಪ್ಪು. ಅವನೂ ನಿದ್ದೆ ಮಾಡಿರಲಿಲ್ಲ.

"ನಟ್ಟು ನಾನೇ ಬಿಟ್ಟಿದ್ದೆ," ಎಂದಳು. "ಈಗ ಬಿಗಿ ಮಾಡಿದ್ದೀನಿ. ಗಾಡಿ ಹೊರಗಿದೆ."

ಅವನು ತಲೆಯಾಡಿಸಿದ. ಅವಳು ಹೋಗಲಿಲ್ಲ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಳು. ಇಷ್ಟು ವರ್ಷ ಯಾರಿಗೂ ಹೇಳದ ಮಾತು, ತಾನೊಬ್ಬಳೇ ಇದ್ದಾಗಲೂ ಬಾಯಿಬಿಟ್ಟು ಆಡದ ಮಾತು.

"ನನಗೆ ಸರಿಯಾಗಿ ಕೇಳಿಸ್ತಿಲ್ಲ."

ಹೇಳಿದ ಮೇಲೆ ಸೂರು ಕಳಚಿ ಬೀಳಲಿಲ್ಲ. ಅವನ ಮುಖದಲ್ಲಿ ಕನಿಕರವೂ ಕಾಣಲಿಲ್ಲ. ಹಾಗಿದ್ದದ್ದೇ ಅವಳಿಗೆ ಧೈರ್ಯವಾಯಿತು. ಪರೀಕ್ಷೆ ಮಾಡಿ ಎಂದಳು. ಮೆಕ್ಯಾನಿಕ್ಕಿನ ಕೆಲಸ ಬಿಡಬೇಕಾಗುತ್ತದೆಯೇ, ಅಪ್ಪನಷ್ಟೇ ಕಿವಿ ಹೋಗುತ್ತದೆಯೇ, ಎಲ್ಲ ಈಗಲೇ ತಿಳಿದುಬಿಡಲಿ ಎಂದಳು. ಅವನು ಬಿಡಿಸಿ ಹೇಳಿದ. ಬಿಡಬೇಕಾಗಿಲ್ಲ. ಅಪ್ಪ ತಡ ಮಾಡಿದ್ದರು, ಅವಳು ಬೇಗ ಬಂದಿದ್ದಾಳೆ. ಈ ತೊಂದರೆಗೆ ಯಂತ್ರವಿದೆ, ಶಸ್ತ್ರಚಿಕಿತ್ಸೆಯೂ ಇದೆ. ಮೊದಲು ಎಷ್ಟು ಮುಚ್ಚಿದೆ ಎಂದು ಅಳೆಯಬೇಕು.

ಹೇಳಿ, ಗಾಜಿನಾಚೆಯ ಕುರ್ಚಿಯನ್ನು ತೋರಿಸಿ, ಅವನು ಬಾಗಿಲ ಕಡೆ ಹೊರಟ.

"ಎಲ್ಲಿಗೆ? ನೀವು ಮಾಡಲ್ವಾ?"

"ನಮ್ಮ ಮೇಡಂನ ಕರೀತೀನಿ. ಅವರು ನನಗಿಂತ ಚೆನ್ನಾಗಿ ಮಾಡ್ತಾರೆ." ಅವನು ಬಾಗಿಲ ಹಿಡಿ ಹಿಡಿದು ನಿಂತ. "ನಾನು ಮಾಡೋ ಹಾಗಿಲ್ಲ."

ಇನ್ನೂ ಕೋಪವಿದೆ ಎಂದುಕೊಂಡು ಅವಳು ತಲೆ ತಗ್ಗಿಸಿದಳು. ಅವನು ಬಾಗಿಲು ಬಿಟ್ಟು ಎರಡು ಹೆಜ್ಜೆ ಹಿಂದೆ ಬಂದ.

"ನಮ್ಮೋರನ್ನ ನಾವು ಪರೀಕ್ಷೆ ಮಾಡಬಾರದು. ಮನಸ್ಸು ವಾಲುತ್ತೆ. ಕೇಳಿಸದೇ ಇದ್ರೂ ಕೇಳಿಸ್ತು ಅಂತ ಬರೆದುಬಿಡ್ತೀವಿ."

ಸದ್ದೇ ಇಲ್ಲದ ಕೋಣೆ. ಅವಳ ಬದುಕಿನಲ್ಲಿ ಮಾತುಗಳು ಕಳೆದುಹೋಗುತ್ತಿದ್ದದ್ದು ಇಂಥ ಕೋಣೆಗಳಲ್ಲೇ. ಅವನೂ ದನಿಯೇರಿಸಿ ಹೇಳಿರಲಿಲ್ಲ, ಕೊನೆಕೊನೆಗೆ ಅದು ಪಿಸುಮಾತೇ ಆಗಿತ್ತು. ಆದರೂ ಅವಳು ಅವನ ಮುಖ, ತುಟಿ, ಉಸಿರು ಎಲ್ಲವನ್ನೂ ಕಿವಿ ಮಾಡಿಕೊಂಡು ಆಲಿಸಿದ್ದಳು. ಒಂದಕ್ಷರವೂ ತಪ್ಪಿರಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದಳು.

"ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದಳು. "ಇನ್ನೊಂದ್ಸಲ ಹೇಳಿ."